ಮಹಿಳಾ ಸದಸ್ಯೆ ಎದ್ದು ನಿಂತದ್ದು

ಕೋಲಾರದ ಖೋ ಖೋ ಸಂಘಕ್ಕೆ ಒಬ್ಬ ಹೆಂಗಸು ಬೇಕಾದಳು. ಆಡುವುದಕ್ಕಲ್ಲ, ಸಮಿತಿಯಲ್ಲಿ ಕೂರುವುದಕ್ಕೆ. ಎಂಬತ್ತಮೂರನೇ ಇಸವಿಯಲ್ಲಿ ಬೆಂಗಳೂರಿನ ರಾಜ್ಯ ಸಂಘದವರು, ಪ್ರತಿ ಜಿಲ್ಲಾ ಸಮಿತಿಯಲ್ಲೂ ಒಬ್ಬ ಮಹಿಳೆ ಇರಲೇಬೇಕು, ಇಲ್ಲದಿದ್ದರೆ ಮಾನ್ಯತೆ ಇಲ್ಲ ಎಂದು ಪಟ್ಟು ಹಿಡಿದಿದ್ದರು. ಸಮಿತಿಯ ಗಂಡಸರು ತಲೆ ಕೆರೆದುಕೊಂಡರು. ಕೆರೆದುಕೊಳ್ಳುವ ಅಗತ್ಯವೇ ಇರಲಿಲ್ಲ ನೋಡಿ. ರಾಯಲ್ಪಾಡಿನ ಗಂಗರತ್ನಮ್ಮ ಕಣ್ಣೆದುರಿಗೇ ಇದ್ದಳು. ಒಂದು ಕಾಲಕ್ಕೆ ತಾನೇ ಆಡಿದವಳು, ಈಗ ಹುಡುಗಿಯರ ಹೈಸ್ಕೂಲಿನಲ್ಲಿ ವ್ಯಾಯಾಮದ ಟೀಚರು, ಜಿಲ್ಲೆಯ ಹುಡುಗಿಯರ ತಂಡವನ್ನು ಕಟ್ಟಿ ನಿಲ್ಲಿಸಿದವಳು. ಆದರೆ ಅವಳಿಗೆ ಬಾಯಿ ಜಾಸ್ತಿ ಎಂದು ಎಲ್ಲರೂ ಹೇಳುತ್ತಿದ್ದರು. ಅಂದರೆ, ಸರಿಯಿಲ್ಲದ್ದನ್ನು ಸರಿಯಿಲ್ಲ ಅನ್ನುತ್ತಿದ್ದಳು. ಅಂಥವಳನ್ನು ಒಳಗೆ ಬಿಟ್ಟುಕೊಳ್ಳುವಷ್ಟು ದಡ್ಡರೇ ಅವರು? ಕಾರ್ಯದರ್ಶಿ ಚನ್ನರಾಯಪ್ಪ ತನ್ನ ಹೆಂಡತಿ ಶ್ಯಾಮಲಮ್ಮನನ್ನು ಸೂಚಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಕೆಲಸ ಮುಗಿಯಿತು.

ಶ್ಯಾಮಲಮ್ಮನಿಗೆ ಖೋ ಖೋ ಎಂದರೆ ಹುಡುಗರು ಕುಕ್ಕರಗಾಲಲ್ಲಿ ಕೂತು ಎದ್ದು ಓಡುವ ಆಟ, ಅಷ್ಟೇ. ಸಭೆಗೆ ಹೋಗುವಾಗ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಕ್ಕುಲಿ ಒಯ್ಯುತ್ತಿದ್ದಳು. ಬಾಗಿಲ ಪಕ್ಕದ ಕುರ್ಚಿ ಅವಳದ್ದು. ಗಂಡ ಕೈ ಎತ್ತಿದಾಗ ಕೈ ಎತ್ತುವಳು, ಇಳಿಸಿದಾಗ ಇಳಿಸುವಳು. ಬೇಸರವಾಗುತ್ತಿತ್ತೇ? ಸುಳ್ಳು ಯಾಕೆ, ಇಲ್ಲ. ಬೀದಿಯ ಹೆಂಗಸರು ನಲ್ಲಿಯ ಹತ್ತಿರ ಅವಳನ್ನು ಕಮಿಟಿ ಮೇಡಂ ಎಂದು ಛೇಡಿಸುತ್ತಿದ್ದರು. ಆ ಗೇಲಿ ಅವಳಿಗೆ ಸಕ್ಕರೆ ತಿಂದಷ್ಟು ಹಿತವಾಗಿತ್ತು.

ಮಾರನೇ ವರ್ಷ ಒಂದು ದಿನ ಚನ್ನರಾಯಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ಗಂಗರತ್ನಮ್ಮ ಬಂದಳು. ಜೊತೆಗೆ ಒಬ್ಬ ಹುಡುಗಿ, ಟೈಲರ್ ಇಮಾಮ್ ಸಾಬರ ಮಗಳು ಫರೀದಾ. ತಂಡದಲ್ಲಿ ಅವಳಷ್ಟು ಚುರುಕಾಗಿ ತಪ್ಪಿಸಿಕೊಂಡು ಓಡುವವರು ಇನ್ನೊಬ್ಬರಿರಲಿಲ್ಲ. ಗಂಗರತ್ನಮ್ಮ ಸುತ್ತಿ ಬಳಸಿ ಮಾತಾಡುವವಳಲ್ಲ. ಭಾನುವಾರದ ಸಭೆಯಲ್ಲಿ, ಈ ಸಲ ದಾವಣಗೆರೆಯ ರಾಜ್ಯ ಪಂದ್ಯಕ್ಕೆ ಹುಡುಗರ ತಂಡ ಮಾತ್ರ ಹೋಗಲಿ, ಹೆಣ್ಣುಮಕ್ಕಳ ಜವಾಬ್ದಾರಿ ಯಾರು ಹೊರುತ್ತಾರೆ ಎಂದು ಚನ್ನರಾಯಪ್ಪ ತೀರ್ಮಾನ ತರಲಿದ್ದಾನೆ, ಎಂದಳು. ಸಂಘದ ನಿಯಮದಂತೆ ಒಬ್ಬರು ವಿರೋಧಿಸಿದರೂ ವಿಷಯ ಬೆಂಗಳೂರಿಗೆ ಹೋಗಬೇಕು. ಹೋದರೆ ಅಲ್ಲಿಯವರು ಹುಡುಗಿಯರನ್ನು ಕೈಬಿಡಲು ಒಪ್ಪುವುದಿಲ್ಲ. ಇಮಾಮ್ ಸಾಬರಂತೂ ಮಾತು ಕೊಟ್ಟಿದ್ದರು: ದಾವಣಗೆರೆಯಲ್ಲಿ ಆಡಿ ಆಟದ ಮೇಲೆ ಕಾಲೇಜಿನ ಸೀಟು ಸಿಕ್ಕಿದರೆ ಮಗಳು ಓದಲಿ, ಇಲ್ಲದಿದ್ದರೆ ಶ್ರೀನಿವಾಸಪುರದಿಂದ ಬಂದಿರುವ ಸಂಬಂಧಕ್ಕೆ ಹೂಂ ಅನ್ನುತ್ತೇನೆ ಎಂದು.

"ಅಕ್ಕಾ, ನಿಮ್ದೊಂದು ಮಾತು ಸಾಕು," ಎಂದಳು ಗಂಗರತ್ನಮ್ಮ. "ಒಳಗಿರೋ ಹೆಂಗಸು ನೀವೊಬ್ರೇ. ನಾವ್ ಇನ್ಯಾರನ್ನ ಕೇಳೋಣ?"

ಫರೀದಾ ಮೊಣಕಾಲಿನ ಹತ್ತಿರ ಹರಿದು ಹೊಲಿದ ಪೈಜಾಮದ ಮೇಲೆ ಕೈ ಇಟ್ಟುಕೊಂಡು ಶ್ಯಾಮಲಮ್ಮನ ಮುಖವನ್ನೇ ನೋಡುತ್ತಿದ್ದಳು. ಆ ಮುಖ ನೋಡಿ ಶ್ಯಾಮಲಮ್ಮ, ಹೇಳ್ತೀನಿ ಕಣಮ್ಮ, ಖಂಡಿತ ಹೇಳ್ತೀನಿ ಎಂದು ಆಣೆ ಇಡುವ ಹಾಗೆ ಅವಳ ಕೈ ಹಿಡಿದುಕೊಂಡಳು.

ಭಾನುವಾರ ಮಧ್ಯಾಹ್ನ ಶಾಲೆಯ ಕೊಠಡಿಯಲ್ಲಿ ಸಭೆ ಸೇರಿತು. ಹೊರಗಿನ ಜಗಲಿಯಲ್ಲಿ ಗಂಗರತ್ನಮ್ಮ, ಫರೀದಾ ಮತ್ತೆ ತಂಡದ ಹುಡುಗಿಯರು ಕಾದಿದ್ದರು. ಚನ್ನರಾಯಪ್ಪ ತನ್ನ ಸೂಚನೆ ಓದಿದ. ಅಧ್ಯಕ್ಷ ಆವಲಪ್ಪ ಯಾರದ್ದಾದರೂ ವಿರೋಧ ಇದೆಯೇ ಎಂದು ವಾಡಿಕೆಗೆ ಕೇಳಿದ. ಶ್ಯಾಮಲಮ್ಮ ಎದ್ದು ನಿಂತಳು. ಹೌದು, ನಿಂತಳು. ನಿಂತು, ನನ್ನ ವಿರೋಧ ಇದೆ ಎಂದಳು. ಚನ್ನರಾಯಪ್ಪ ತನ್ನ ಹೆಂಡತಿಯನ್ನು ಮೊದಲ ಸಲ ಕಂಡವನಂತೆ ನೋಡಿದ.

ಆವಲಪ್ಪ ಹಳೇ ಕೋರ್ಟ್ ಗುಮಾಸ್ತ, ರೀತಿ ರಿವಾಜು ಬಿಡುವವನಲ್ಲ. "ಯಾರ ಸೂಚನೆಯನ್ನ ವಿರೋಧಿಸ್ತೀರಿ ತಾಯಿ? ನಡಾವಳಿಗೆ ಹೆಸರು ಬೇಕಲ್ಲ."

"ಇವರದ್ದು."

"ಇವರು ಅಂದ್ರೆ?"

ಹದಿನಾರು ತುಂಬುವ ಮೊದಲೇ ಮದುವೆಯಾಗಿ ಬಂದವಳು ಶ್ಯಾಮಲಮ್ಮ. ಅಂದಿನಿಂದ ಗಂಡನ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ಹೆಸರು ಹೇಳಿದರೆ ಗಂಡನ ಆಯಸ್ಸು ಕಮ್ಮಿ ಎಂದು ನಂಬುವ ಮನೆತನ. ಅವಳು ತಡವರಿಸಿದಳು. ಅಷ್ಟು ಸಾಕಾಯಿತು ಆ ಗಂಡಸರಿಗೆ. ಖಜಾಂಚಿ ಶ್ರೀನಿವಾಸಪ್ಪ ಎದ್ದು ಹೋಗಿ ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತ, ಹೊಸ ಮದುಮಗಳನ್ನು ನಾದಿನಿಯರು ಹೊಸ್ತಿಲಲ್ಲಿ ತಡೆಯುತ್ತಾರಲ್ಲ, ಹಾಗೆ. "ಪೇರು ಚೆಪ್ಪಮ್ಮಾ, ಹೆಸರು ಹೇಳಿದ್ರೇನೇ ಬಿಡೋದು," ಎಂದ. ಒಗಟಿನಲ್ಲಿ ಹೇಳಲಿ ಎಂದ ಒಬ್ಬ. ಹಾಡಿನಲ್ಲಿ ಹೇಳಲಿ ಎಂದ ಇನ್ನೊಬ್ಬ. ಇಡೀ ಕೊಠಡಿ ಗೊಳ್ಳೆಂದಿತು. ಚನ್ನರಾಯಪ್ಪನೂ ಮೀಸೆಯಡಿ ನಕ್ಕ.

ಮತ್ತೆ ಶ್ಯಾಮಲಮ್ಮ? ಅವಳೂ ನಕ್ಕಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕೆನ್ನೆ ಕೆಂಪಗೆ ಮಾಡಿಕೊಂಡು, ಹೋಗ್ರಪ್ಪ ನೀವೆಲ್ಲ ಎಂದು ನುಲಿದು ನಕ್ಕು ಕುರ್ಚಿಯಲ್ಲಿ ಕೂತುಬಿಟ್ಟಳು. ಥೂ! ಆವಲಪ್ಪ ಕಣ್ಣೊರೆಸಿಕೊಂಡು ಸರ್ವಾನುಮತ ಎಂದು ಬರೆಸಿದ. ಅವಳು ಡಬ್ಬಿ ಬಿಚ್ಚಿ ಎಲ್ಲರಿಗೂ ಚಕ್ಕುಲಿ ಹಂಚಿದಳು.

ಹೊರಗೆ ಬಂದಾಗ ಗಂಗರತ್ನಮ್ಮ ಕಂಬಕ್ಕೊರಗಿ ನಿಂತಿದ್ದಳು. ಎಲ್ಲ ಕೇಳಿಸಿತ್ತು. ಶ್ಯಾಮಲಮ್ಮ ತಲೆ ತಗ್ಗಿಸಿ, ಹೆಸರು ಬಾಯಿಗೆ ಬರಲಿಲ್ಲ ಎಂದಳು. ಬಾಯಿ ಜಾಸ್ತಿಯ ಆ ಹೆಂಗಸು ಬೈಯಲಿಲ್ಲ. "ಹೋಗ್ಲಿ ಬಿಡಿ ಅಕ್ಕಾ. ನಮ್ಮನ್ನ ಬೆಳೆಸಿರೋದೇ ಹಂಗೆ," ಎಂದು ಅವಳ ಬೆನ್ನು ಸವರಿದಳು. ಶ್ಯಾಮಲಮ್ಮ ಸವರಿಸಿಕೊಂಡಳು.

ಆದರೆ ಅವಳಿಗೆ ಗೊತ್ತಿತ್ತು. ಕಾರ್ಯದರ್ಶಿಗಳ ಸೂಚನೆ ಅಂದಿದ್ದರೆ ಮುಗಿದು ಹೋಗುತ್ತಿತ್ತು. ಮನೆಗೆ ಯಾರೇ ಬಂದು ವಿಚಾರಿಸಿದರೂ ಕಾರ್ಯದರ್ಶಿಗಳು ಹೊರಗೆ ಹೋಗಿದ್ದಾರೆ ಎಂದು ಹೇಳುತ್ತಿದ್ದವಳೇ ಅವಳು. ಆ ಪದ ಅವತ್ತು ನಾಲಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಅವರೆಲ್ಲ ನಕ್ಕರು, ನಗುತ್ತಾ ಅವಳನ್ನು ತಮ್ಮವಳನ್ನಾಗಿ ಮಾಡಿಕೊಂಡರು, ಅದು ಅವಳಿಗೆ ಹಿತವಾಯಿತು. ಪದವನ್ನು ನುಂಗಿಕೊಂಡಳು. ಸಂಜೆ ಚನ್ನರಾಯಪ್ಪ ಎಂದೂ ಇಲ್ಲದವನು ಮಲ್ಲಿಗೆ ತಂದುಕೊಟ್ಟ, ಅದನ್ನೂ ಮುಡಿದುಕೊಂಡಳು. ಆಮೇಲೆ ಅಡಿಗೆಮನೆಯಲ್ಲಿ ಅನ್ನ ಬಸಿಯುವಾಗ ನಾಚಿಕೆ ಮೈಯೆಲ್ಲ ಹತ್ತಿ, ತಪ್ಪಲೆ ಕೆಳಗಿಟ್ಟು ಗೋಡೆ ಕಡೆ ಮುಖ ಮಾಡಿ ನಿಂತಳು.

ಮುಂದಿನ ಮಾವಿನ ಕಾಲಕ್ಕೆ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಮೇಡಂ ಎಂದು ಯಾರೋ ಕೂಗಿದರು. ತಿರುಗಿದರೆ ಬುರ್ಖಾದ ಮುಸುಕು ಎತ್ತಿ ಫರೀದಾ ನಗುತ್ತಿದ್ದಳು. ತುಂಬಿದ ಬಸುರಿ. ಪಕ್ಕದಲ್ಲಿ ಮಾವಿನ ಬುಟ್ಟಿ ಹಿಡಿದ ಅತ್ತೆ. ಆ ಹುಡುಗಿ ಅತ್ತೆಗೆ ಉರ್ದುವಿನಲ್ಲಿ ಹೇಳುತ್ತಿದ್ದುದು ಶ್ಯಾಮಲಮ್ಮನಿಗೆ ಚೆನ್ನಾಗಿ ತಿಳಿಯಿತು. ಕೋಲಾರದವರಿಗೆ ಅಷ್ಟು ಉರ್ದು ಬರದೆ ಇರುತ್ತದೆಯೇ? ಅಷ್ಟು ಜನ ಗಂಡಸರ ಮುಂದೆ ನಮಗೋಸ್ಕರ ಎದ್ದು ನಿಂತವರು ಇವರೊಬ್ಬರೇ, ಪಾಪ, ಅವರು ಏನು ಮಾಡಿಯಾರು, ಎಂದು ಹೇಳುತ್ತಿದ್ದಳು.

ಅತ್ತೆ ಶ್ಯಾಮಲಮ್ಮನನ್ನು ಗೌರವದಿಂದ ನೋಡಿದಳು. ಬುಟ್ಟಿಯಲ್ಲಿ ಹುಡುಕಿ, ಒಳ್ಳೆಯ ಹಣ್ಣುಗಳನ್ನೇ ಆರಿಸಿ ಮುಂದೆ ಚಾಚಿದಳು. ಇಲ್ಲಮ್ಮ, ಹಾಗಲ್ಲ ಅದು, ಎಂದು ಹೇಳಲು ಶ್ಯಾಮಲಮ್ಮ ಬಾಯಿ ತೆರೆದಳು. ಫರೀದಾ ಅವಳ ಮುಖವನ್ನೇ ನೋಡುತ್ತಿದ್ದಳು.

ಶ್ಯಾಮಲಮ್ಮ ಬಾಯಿ ಮುಚ್ಚಿ, ಚೀಲವನ್ನು ಅಗಲಿಸಿ ಹಿಡಿದಳು.