ಬಾಲ್ಬಿನಾಗೆ ಅರ್ಥವಾಗದ ಕರಾರುಪತ್ರ

ಬಾಲ್ಬಿನಾ ರೊದೆಯ್ರೊ ದಡ್ಡಿ ಎಂಬುದು ಬ್ಯೂನಸ್ ಐರಿಸ್‌ನ ಆ ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಹಾಗೆ ಹೆಸರು ಪಡೆಯಲು ಅವಳೇನೂ ಮಾಡಬೇಕಾಗಿರಲಿಲ್ಲ. ಸ್ಪೇನಿನ ಗಲೀಸಿಯಾದಿಂದ ಹಡಗು ಹತ್ತಿ ಬಂದವರ ಮಗಳಾಗಿದ್ದರೆ ಸಾಕಿತ್ತು. ಅಂಥವರಿಗೆ ಅಲ್ಲಿ 'ಗಾಯೆಗೊ' ಎಂದು ಹೆಸರು. ನಾಲ್ಕು ಜನ ಕೂತು ನಗಬೇಕೆನಿಸಿದಾಗಲೆಲ್ಲ ಒಬ್ಬ ಗಾಯೆಗೊನನ್ನು ಕಥೆಯೊಳಗೆ ಎಳೆದು ತಂದು ಬೀಳಿಸುತ್ತಿದ್ದರು.

ಈ ದಡ್ಡಿ ಇಪ್ಪತ್ತೇಳು ವರ್ಷಗಳಿಂದ ಮೂಲೆಯ ಬಾಡಿಗೆ ಕಟ್ಟಡದಲ್ಲಿ ಖಾನಾವಳಿ ನಡೆಸುತ್ತಿದ್ದಳು. ಬೆಳಗಿನ ಐದಕ್ಕೆ ಮೂಳೆ ಸಾರಿನ ಒಲೆ ಹೊತ್ತಿಸುವುದು ಅವಳೇ, ಮೀನಿನವನ ಜೊತೆ ಜಗಳವಾಡುವುದು ಅವಳೇ, ಪಾತ್ರೆ ತೊಳೆಯುವವನು ಕೈಕೊಟ್ಟರೆ ತೋಳು ಮಡಚಿ ನಿಲ್ಲುವುದೂ ಅವಳೇ. ಅವಳಿಗಿದ್ದದ್ದು ಒಂದೇ ಆಸೆ: ಆ ಗೋಡೆಗಳು ತನ್ನವಾಗಬೇಕು. ಅದಕ್ಕಾಗಿ ಒಂದೇ ಕೋಟಿನಲ್ಲಿ ಹನ್ನೊಂದು ಚಳಿಗಾಲ ಕಳೆದಿದ್ದಳು. ಬಾಯಿ ಮಾತ್ರ ಬಿಟ್ಟಿರಲಿಲ್ಲ. ಕೊಳ್ಳುವವರ ಕಣ್ಣಲ್ಲಿ ಆಸೆ ಕಂಡ ಕೂಡಲೇ ಮೀನಿನ ಬೆಲೆ ಹೇಗೆ ಜಿಗಿಯುತ್ತದೆಂದು ದಿನವೂ ಕಂಡವಳು ಅವಳು.

ಕಟ್ಟಡದ ಒಡತಿ ದೊನ್ಯಾ ಎರ್ನೆಸ್ತಿನಾ ತೀರಿಕೊಂಡ ಮೂರನೇ ವಾರ ಅವಳ ಸೋದರಳಿಯ ಪೆರಾಲ್ತಾ ಊಟದ ಹೊತ್ತಿಗೆ ಬಂದ. ಅವನು ವಕೀಲ. ಆ ಊರಲ್ಲಿ ವಕೀಲರನ್ನೂ ಡಾಕ್ಟರ್ ಎಂದೇ ಕರೆಯುವುದು.

"ದೊನ್ಯಾ ಬಾಲ್ಬಿನಾ, ಈ ಮೂಲೆ ಔಷಧಿ ಕಂಪನಿಯವರಿಗೆ ಬೇಕಂತೆ. ಯಾವಾಗ ಖಾಲಿ ಮಾಡ್ತೀರಿ?"

"ಮೊದಲು ಒಂದು ಬಟ್ಟಲು ಸಾರು ಕುಡೀತೀರಾ ಡಾಕ್ಟ್ರೇ?"

ಬಾಡಿಗೆ ಕರಾರು ಮುಗಿಯಲು ಇನ್ನೂ ಎರಡು ವರ್ಷವಿತ್ತು. ಆದರೂ 'ಇಲ್ಲ' ಎಂದರೆ ಅವನು ಕೋರ್ಟಿಗೆ ಎಳೆಯುತ್ತಾನೆ. 'ಹೂಂ' ಎಂದರೆ ತಾನು ಬೀದಿಗೆ. 'ನಾನೇ ಕೊಳ್ತೀನಿ' ಎಂದರೆ ಬೆಲೆ ಎರಡು ಪಟ್ಟು. ಈ ಮೂರನ್ನೂ ಹೇಳದೆ ಮಾತಾಡುತ್ತಲೇ ಇರುವ ವಿದ್ಯೆ ಗಲೀಸಿಯಾದವರಿಗೆ ತಾಯಿಯ ಹಾಲಿನ ಜೊತೆಗೇ ಬಂದದ್ದು. ಪ್ರಶ್ನೆ ಕೇಳಿದರೆ ತಿರುಗಿ ಪ್ರಶ್ನೆ ಕೇಳುವುದು. ಮೆಟ್ಟಿಲಲ್ಲಿ ಎದುರಾದರೆ ಅವರು ಹತ್ತುತ್ತಿದ್ದಾರೋ ಇಳಿಯುತ್ತಿದ್ದಾರೋ ದೇವರಿಗೂ ಗೊತ್ತಾಗುವುದಿಲ್ಲ ಎಂಬ ಮಾತೇ ಇದೆ.

ಪೆರಾಲ್ತಾ ಸಾರು ಕುಡಿದ. ಮಾರನೆಯ ದಿನ ಆಲೂಗಡ್ಡೆಯ ಮೇಲೆ ಹರಡಿ ಮೆಣಸಿನ ಪುಡಿ ಉದುರಿಸಿದ ಆಕ್ಟೋಪಸ್ ತಿಂದ. ಮೂರನೆಯ ದಿನ ಹೊಟ್ಟೆ ತುಂಬಿದ ಖುಷಿಗೆ ನಗೆಹನಿ ಶುರುಮಾಡಿದ.

"ಒಬ್ಬ ಗಾಯೆಗೊ ಜೋರು ಮಳೇಲಿ ಕೊಡೇನ ಮಡಚಿ ಕೋಟಿನೊಳಗೆ ಬಚ್ಚಿಟ್ಕೊಂಡು ಹೋಗ್ತಿದ್ನಂತೆ. ಯಾಕೋ ಅಂದ್ರೆ, 'ಕೊಡೆ ನೆನೆಯುತ್ತಲ್ಲ!' ಅಂದ್ನಂತೆ."

ಬಾಲ್ಬಿನಾ ಸ್ವಲ್ಪ ಯೋಚಿಸಿ ಕೇಳಿದಳು: "ಹೊಸ ಕೊಡೆನಾ ಡಾಕ್ಟ್ರೇ?"

ಪೆರಾಲ್ತಾನಿಗೆ ನಕ್ಕೂ ನಕ್ಕೂ ಕೆಮ್ಮು ಬಂತು. ಅಂದಿನಿಂದ ಅವನ ಎಚ್ಚರವೆಲ್ಲ ಸಡಿಲವಾಯಿತು. ಇಂಥವಳ ಮುಂದೆ ಏನು ಮುಚ್ಚಿಟ್ಟು ಏನಾಗಬೇಕು?

"ನಂಗೆ ಅರ್ಥ ಆಗ್ಲಿಲ್ಲ ಡಾಕ್ಟ್ರೇ, ಮೊದಲಿಂದ ಹೇಳ್ತೀರಾ?" ಎಂದು ಅವಳು ಕೇಳುವಳು. ಅವನು ಮಗುವಿಗೆ ಹೇಳುವಂತೆ ಮೊದಲಿಂದ ಹೇಳುವನು. ಪ್ರತಿ ಸಲವೂ ತೂತುಬಿದ್ದ ಚೀಲದಿಂದ ಕಾಳು ಉದುರುವಂತೆ ಏನಾದರೊಂದು ಹೆಚ್ಚಿಗೆ ಉದುರುತ್ತಿತ್ತು. ಔಷಧಿಯವರಿಗೆ ಖಾಲಿ ಜಾಗವೇ ಬೇಕು ಎಂದು ಸೋಮವಾರ ತಿಳಿಯಿತು. ಅರ್ಧ ಜೂನ್ ದಾಟಿದರೆ ಅವರು ಬೇರೆ ಬೀದಿ ನೋಡಿಕೊಳ್ಳುತ್ತಾರೆ ಎಂದು ಬುಧವಾರ. ಶುಕ್ರವಾರ, ಹಂದಿಮಾಂಸ ಮತ್ತು ಸೊಪ್ಪಿನ ತಟ್ಟೆ ಮುಗಿಸಿ, ಹಲ್ಲಿಗೆ ಕಡ್ಡಿ ಹಾಕುತ್ತ ಅವನು ದೊಡ್ಡ ಕಾಳನ್ನೇ ಉದುರಿಸಿದ.

"ನಮ್ಮತ್ತೆ ಎಂಥಾ ಹಟಮಾರಿ ಗೊತ್ತಾ? ಜೂನ್ ಇಪ್ಪತ್ನಾಲ್ಕರ ಸಂತ ಜುವಾನ್ ಹಬ್ಬದೊಳಗೆ ನಾನು ಕಟ್ಟಡ ಮಾರದಿದ್ರೆ ಅದು ಅನಾಥಾಲಯದ ಸನ್ಯಾಸಿನಿಯರಿಗೆ ಹೋಗ್ಬೇಕು ಅಂತ ವಿಲ್ ಬರೆದಿಟ್ಟಿದಾಳೆ. ನಾನು ಸೋಮಾರಿಯಂತೆ!"

"ಅಯ್ಯೋ, ಹಬ್ಬಕ್ಕೆ ಇನ್ನೆಷ್ಟು ದಿನ ಇದೆ?" ಎಂದಳು ಬಾಲ್ಬಿನಾ. ಎಷ್ಟು ದಿನವೆಂದು ಅವಳಿಗೆ ಗೊತ್ತಿತ್ತು. ಹತ್ತೊಂಬತ್ತು.

ಇಷ್ಟರಲ್ಲಿ ಎಲ್ಲವೂ ಕೆಡುವುದರಲ್ಲಿತ್ತು. ಊಟ ಬಡಿಸುವ ಸೆಕುಂದೀನೊ ಬಾಲ್ಬಿನಾಳ ಅಪ್ಪನ ಊರಿನವನೇ, ಮುಂಗೋಪಿ, ಸ್ವಾಭಿಮಾನಿ. ಕೊಡೆಯ ಕಥೆ ಕೇಳಿದಾಗಿನಿಂದ ಹಲ್ಲು ಕಚ್ಚಿಕೊಂಡಿದ್ದ. "ಪಾಪ, ಈಕೆಗೆ ಕರಾರುಪತ್ರ ಓದೋಕಾದ್ರೂ ಬರುತ್ತೋ ಇಲ್ವೋ" ಎಂದು ಪೆರಾಲ್ತಾ ಅಂದದ್ದೇ ತಡ, ಕೈಯಲ್ಲಿದ್ದ ತಟ್ಟೆಗಳನ್ನು ಮೇಜಿಗೆ ಕುಕ್ಕಿದ.

"ಓದೋದೇನ್ರೀ, ಕರಾರು ಇಡೀ ಅವರಿಗೆ ಬಾಯಿಪಾಠ! ಜಪಮಾಲೆ ಹಾಗೆ ಒಪ್ಪಿಸ್ತಾರೆ!"

ಪೆರಾಲ್ತಾನ ಕಡ್ಡಿ ಹಲ್ಲಿನಲ್ಲೇ ನಿಂತಿತು. ಅವನು ನಿಧಾನವಾಗಿ ಬಾಲ್ಬಿನಾಳ ಕಡೆ ತಿರುಗಿದ. ಇಪ್ಪತ್ತೇಳು ವರ್ಷ ಈ ಒಂದು ಕ್ಷಣದಲ್ಲಿ ಸಾರಿನಂತೆ ಚೆಲ್ಲಿ ಹೋಗುವಂತಿತ್ತು.

"ಹೌದು ಡಾಕ್ಟ್ರೇ, ಜಪಮಾಲೆನೂ ನಂಗೆ ಬಾಯಿಪಾಠ" ಎಂದಳು, ಕಣ್ಣರಳಿಸಿ. "ಆದ್ರೆ ಆ ಪ್ರಾರ್ಥನೆಯ ಲ್ಯಾಟಿನ್ ಅರ್ಥ ಆಗುತ್ತಾ?"

ಪೆರಾಲ್ತಾ ಮೇಜು ಗುದ್ದಿ ನಕ್ಕ. ಸೆಕುಂದೀನೊ ಅಡಿಗೆಮನೆಗೆ ಹೋಗಿ ಗೋಡೆ ನೋಡುತ್ತ ನಿಂತ.

"ಇನ್ನೊಂದ್ಸಲ ಬಾಯಿ ತೆರೆದ್ರೆ ನಾಲಿಗೆ ಕತ್ತರಿಸಿ ಬಟಾಣಿ ಜೊತೆ ಬೇಯಿಸ್ತೀನಿ" ಎಂದು ಬಾಲ್ಬಿನಾ ಒಳಗೆ ಬಂದು ಪಿಸುಗುಟ್ಟಿದಳು.

"ನಿಮ್ಮನ್ನ ಅವನು ಕತ್ತೆ ಅಂತಾನೆ, ಕೇಳ್ಕೊಂಡಿರ್ಲಾ?"

"ಒದೆಯೋ ಕತ್ತೆ ಮೊದಲೇ ಹೇಳಿ ಒದೆಯುತ್ತಾ?"

ಹಬ್ಬಕ್ಕೆ ಒಂಬತ್ತು ದಿನವಿರುವಾಗ ಔಷಧಿ ಕಂಪನಿಯವರು ಬೇಸತ್ತು ಬೇರೆ ಬೀದಿಯಲ್ಲಿ ಅಂಗಡಿ ಹಿಡಿದರು. ಹೂಂ ಎನ್ನದ, ಊಹೂಂ ಎನ್ನದ ಹೆಂಗಸೊಬ್ಬಳು ಬಂಡೆಗೆ ಚಿಪ್ಪು ಅಂಟಿದಂತೆ ಅಂಟಿಕೊಂಡಿರುವ ಕಟ್ಟಡವನ್ನು ಬೇರೆ ಯಾರು ಕೊಳ್ಳುತ್ತಾರೆ? ಪೆರಾಲ್ತಾ ಊಟ ಅರ್ಧಕ್ಕೇ ಬಿಟ್ಟು ತಲೆ ಹಿಡಿದು ಕೂತ. ಆಮೇಲೆ ಅವನ ಮುಖ ಬೆಳಗಿತು.

"ದೊನ್ಯಾ ಬಾಲ್ಬಿನಾ! ನೀವೇ ಯಾಕೆ ಇದನ್ನ ಕೊಳ್ಬಾರದು?"

ಅವಳು ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು.

"ನಾನಾ? ಕೂರೋಕೆ ಜಾಗ ಇರುವಾಗ ಗೋಡೆ ತಗೊಂಡು ಏನ್ಮಾಡ್ಲಿ?"

ಅವನು ಅವಳನ್ನು ನಾಲ್ಕು ದಿನ ಒಪ್ಪಿಸಬೇಕಾಯಿತು. ಔಷಧಿಯವರು ಕೊಡುತ್ತಿದ್ದುದರ ಅರ್ಧಕ್ಕೆ ತಾನಾಗಿಯೇ ಇಳಿದ. ತಾನು ಯಾರಿಗೂ ಬೇಡದ್ದನ್ನು ಒಬ್ಬ ಬೆಪ್ಪಿಗೆ ಕಟ್ಟಿದೆನೆಂದು ಅವನಿಗೆ ಒಳಗೊಳಗೇ ಎಂಥ ಸಂತೋಷ! ಹಬ್ಬದ ಹಿಂದಿನ ದಿನ ನೋಂದಣಿಯವನ ಮುಂದೆ ಸಹಿ ಹಾಕಲು ಹೇಳಿದಾಗ, "ಎಲ್ಲಿ ಡಾಕ್ಟ್ರೇ, ಇಲ್ಲೇನಾ?" ಎಂದು ಅವಳು ಸರಿಯಾದ ಜಾಗಕ್ಕೇ ಬೆರಳಿಟ್ಟಳು.

ಆಗಸ್ಟ್ ಹೊತ್ತಿಗೆ ಊರೊಳಗೆ ಹೊಸ ನಗೆಹನಿಯೊಂದು ಓಡಾಡತೊಡಗಿತು. ಮಾಂಸದ ದಲ್ಲಾಳಿಯೊಬ್ಬ ಅದನ್ನು ತಂದು ಖಾನಾವಳಿಯ ನಡುವೆ ನಿಂತೇ ಹೇಳಿದ: ಒಬ್ಬಳು ಗಾಯೆಗಾ ತಾನು ಆಗಲೇ ಕೂತಿದ್ದ ಮನೆಯನ್ನೇ ದುಡ್ಡು ಕೊಟ್ಟು ಕೊಂಡಳಂತೆ, ಎದ್ದು ಹೋಗಲು ಬಾಗಿಲು ಸಿಗಲಿಲ್ಲವೆಂದು! ಎಲ್ಲರೂ ಹೋ ಎಂದು ನಕ್ಕರು. ಸೆಕುಂದೀನೊ ಕೆಂಪಾಗಿ, ಹೇಳಿಬಿಡಿ ಎಂಬಂತೆ ಬಾಲ್ಬಿನಾಳ ಕಡೆ ನೋಡಿದ. ಅವಳ ನಾಲಿಗೆಯೂ ತುರಿಸುತ್ತಿತ್ತು, ಸುಳ್ಳೇಕೆ? ಇಷ್ಟು ಚೆಂದದ ಕಥೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕುವುದು ಐದು ಗಂಟೆಗೆ ಏಳುವುದಕ್ಕಿಂತ ಕಷ್ಟ. ಗೋಡೆಗೆ ಬೆನ್ನು ಕೊಟ್ಟು ನಿಂತಳು. ಬೆಚ್ಚಗಿತ್ತು ಗೋಡೆ.

"ಆಮೇಲೆ? ಆಕೆ ಏನಾದ್ಲು?" ಎಂದು ಕೇಳಿದಳು.

"ಏನಾಗ್ತಾಳೆ ಪಾಪ, ಅಲ್ಲೇ ಸಾರು ಕಾಯಿಸ್ಕೊಂಡು ಕೂತಿದಾಳಂತೆ."

"ಸಾರು ಚೆನ್ನಾಗಿರುತ್ತಂತಾ?" ಎಂದು ಬಾಲ್ಬಿನಾ ಸೌಟು ಎತ್ತಿಕೊಂಡಳು.