ಎಡಗಡೆ ಮನೆಯ ಸಾಕ್ಷಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ರಹೀಮ್ ಸಾಹೇಬರದು ಎತ್ತಿದ ಕೈ. ಸೆಮರಾಂಗಿನ ಮನೆ ಇನ್ನೂ ಕೈಗೆ ಬಂದಿರಲಿಲ್ಲ. ಅಷ್ಟರಲ್ಲೇ ಪ್ಲೇನ್‌ಫೀಲ್ಡಿನ ತಮ್ಮ ಅಡುಗೆಮನೆಯ ಮೇಜಿನ ಮೇಲೆ ಅದರ ನಕ್ಷೆ ಹರಡಿಕೊಂಡು, ಮಹಡಿಯ ನಾಲ್ಕು ಕೋಣೆಗಳಿಗೆ ಯಾವ ಬಣ್ಣ ಬಳಿಸಬೇಕೆಂದು ತೀರ್ಮಾನಿಸಿಬಿಟ್ಟಿದ್ದರು. ಕೆಳಗೆ ತಾವು ಗಂಡಹೆಂಡತಿ, ಮೇಲೆ ಬಾಡಿಗೆಗೆ ಕಾಲೇಜು ಹುಡುಗಿಯರು. ಇರುವುದಕ್ಕೆ ಸೂರೂ ಆಯಿತು, ಹೂಡಿದ್ದಕ್ಕೆ ಆದಾಯವೂ ಆಯಿತು ಎಂಬುದು ಅವರ ವಾದ.

ಸೆಮರಾಂಗ್ ಅವರಿಗೆ ಹೊಸ ಊರೇನಲ್ಲ. ದಾವಣಗೆರೆಯ ಹತ್ತಿಗಿರಣಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದಾಗ, ನೂಲಿನ ಕೆಲಸ ಬಲ್ಲ ರಹೀಮ್ ಇಂಡೊನೇಷ್ಯಾದ ಈ ಕಡಲ ತೀರದ ಊರಿನ ಗಿರಣಿಗೆ ಹೆಂಡತಿ ಗುಲ್‌ಶನ್ ಜೊತೆ ಹೋಗಿ ಏಳು ವರ್ಷ ಇದ್ದರು. ಆಮೇಲೆ ಅಮೆರಿಕದಲ್ಲಿ, ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ನಿನಲ್ಲಿ, ಕಾರಿನ ಸೀಟು ಮಾಡುವ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ. ಮಗ ಝೈದ್‌ಗೆ ಶಿಕಾಗೋ ಕಡೆ ಕೆಲಸ ಸಿಕ್ಕ ಮೇಲೆ ಪ್ಲೇನ್‌ಫೀಲ್ಡಿನ ಈ ಬಡಾವಣೆಯಲ್ಲಿ ಹನ್ನೊಂದು ವರ್ಷ.

ಗುಲ್‌ಶನ್‌ಗೆ ಬಾಡಿಗೆ, ಆದಾಯ ಯಾವುದೂ ಬೇಕಿರಲಿಲ್ಲ. ಸೆಮರಾಂಗಿನ ಆ ಗಲ್ಲಿಯಲ್ಲಿ ಹಗಲು ಹೊತ್ತು ಬಾಗಿಲು ಹಾಕಿಕೊಂಡರೆ, ಮೈಗೆ ಹುಷಾರಿಲ್ಲವೇನೋ ಎಂದು ಜನ ವಿಚಾರಿಸಲು ಬರುತ್ತಿದ್ದರು. ಇಲ್ಲಿ ಬಾಗಿಲು ಬಡಿಯುವವರೆಂದರೆ ಪಾರ್ಸಲ್ ತರುವವರು, ಅವರೂ ಬಡಿದು ನಿಲ್ಲುವುದಿಲ್ಲ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಗುಲ್‌ಶನ್ ಒಬ್ಬರೇ ಒಲೆಯ ಮುಂದೆ ನಿಂತು ಯಾರೊಂದಿಗೋ ಎಂಬಂತೆ ಮಾತಾಡುವುದನ್ನು ರಹೀಮ್ ಎರಡು ಸಲ ಕೇಳಿಸಿಕೊಂಡಿದ್ದರು. ಅವರಿಗೆ ನಿಜವಾಗಿ ಹೆದರಿಕೆಯಾಗಿತ್ತು. ಲಾಭದ ಮಾತೆಲ್ಲ ಆ ಹೆದರಿಕೆಗೆ ಹೊದಿಸಿದ ಶಾಲು ಎಂದು ಅವರು ಯಾರಿಗೂ ಹೇಳಿರಲಿಲ್ಲ.

ಸೆಮರಾಂಗಿನಲ್ಲಿ ಪರದೇಶದವರಿಗೆ ನೆಲ ಸ್ವಂತಕ್ಕೆ ಸಿಗುವುದಿಲ್ಲ, ಇಪ್ಪತ್ತೈದು ವರ್ಷದ ಲೀಸಿಗೆ ಸಿಗುತ್ತದೆ. ಕಾಗದಪತ್ರವೆಲ್ಲ ಆಗಿತ್ತು. ಗಲ್ಲಿಯ ಮುಖ್ಯಸ್ಥೆಯ ಒಪ್ಪಿಗೆ ಇಲ್ಲದೆ ಮಾತ್ರ ಮನೆಯ ಯಜಮಾನ ಕೀಲಿ ಕೊಡಲೊಲ್ಲ. ಆಕೆ ಲಸ್ತ್ರಿ, ಶಾಲೆಯಿಂದ ನಿವೃತ್ತರಾದ ಮೇಡಮ್ಮು. ಎಲ್ಲರೂ ಆಕೆಯನ್ನು ಬು ಲಸ್ತ್ರಿ ಎನ್ನುತ್ತಾರೆ, ನಮ್ಮಲ್ಲಿ ಅಮ್ಮ ಎಂದ ಹಾಗೆ. ಶನಿವಾರ ಬೆಳಿಗ್ಗೆ ಎಂಟಕ್ಕೆ ವಿಡಿಯೋದಲ್ಲಿ ಆಕೆ ಕಾಣಿಸಿಕೊಂಡಾಗ ರಹೀಮ್ ತಮಗೆ ನೆನಪಿದ್ದ ಇಂಡೊನೇಷ್ಯನ್ ಭಾಷೆಯನ್ನೆಲ್ಲ ಒಟ್ಟುಮಾಡಿ ಸಲಾಂ ಹೇಳಿದರು.

"ಭಾನುವಾರ ಚರಂಡಿಗೆ ನಿಮ್ಮ ಮನೆಯಿಂದ ಯಾರು ಬರ್ತೀರಿ?" ಎಂಬುದೇ ಆಕೆಯ ಮೊದಲ ಮಾತು.

ರಹೀಮ್‌ಗೆ ಚರಂಡಿಯ ಸಂಗತಿ ಗೊತ್ತಿತ್ತು. ಆ ಭಾಗದ ನೆಲ ವರ್ಷವರ್ಷ ಕುಸಿಯುತ್ತದೆ, ಕಡಲು ಉಕ್ಕಿದರೆ ಉಪ್ಪುನೀರು ಚರಂಡಿ ಹಿಡಿದು ಮೇಲೇರುತ್ತದೆ. ಅದಕ್ಕೇ ಭಾನುವಾರ ಮನೆಗೊಬ್ಬರು ಇಳಿದು ಹೂಳೆತ್ತುತ್ತಾರೆ. "ಆಳು ಇಡ್ತೀನಿ" ಎಂದರು ಜಂಬದಿಂದ.

"ಆಳು ಇಟ್ಟವರ ನಾಲ್ಕು ಮನೆ ಆಗಲೇ ಇವೆ. ದುಡ್ಡು ಹಾಕಿದರು, ಬೀಗ ಹಾಕಿದರು, ಹೋದರು. ಆಳು ಒಂದು ತಿಂಗಳು ಬಂದ. ಈಗ ಅವರ ಬಾಗಿಲಲ್ಲಿ ಕಟ್ಟಿಕೊಂಡ ನೀರು ನಮ್ಮ ಅಡುಗೆಮನೆಗೆ ಬರುತ್ತೆ. ಇರಲಿ, ಈಗ ನೀವಿರೋ ಕಡೆ ಪಕ್ಕದ ಮನೆಯವರು ಯಾರು? ಅವರಿಗೆ ಒಂದೇ ಒಂದು ಪ್ರಶ್ನೆ ಕೇಳಬೇಕು."

"ಗದಿಗೆಪ್ಪ ಅಂತ. ನಲವತ್ತು ವರ್ಷದ ಸ್ನೇಹ. ನಾನು ಕರೆದರೆ ಊಟ ಬಿಟ್ಟು ಎದ್ದು ಬರ್ತಾನೆ."

"ಎಷ್ಟು ಮನೆ ಆಚೆ?"

ಗದಿಗೆಪ್ಪನ ಮನೆ ಇರುವುದು ಲೊಂಬಾರ್ಡಿನಲ್ಲಿ. "ಕಾರಿನಲ್ಲಿ ನಲವತ್ತು ನಿಮಿಷ" ಎಂದರು ರಹೀಮ್.

"ನಿಮ್ಮ ಮನೆಯಲ್ಲಿ ಹೊಗೆ ಎದ್ದರೆ ಆತನಿಗೆ ಕಾಣುತ್ತಾ? ಹೊಗೆ ಕಾಣುವವರನ್ನು ಕರೆತನ್ನಿ. ನಾಳೆ ಇದೇ ಹೊತ್ತಿಗೆ." ಆಕೆ ಫೋನ್ ಇಟ್ಟರು.

ಇಲ್ಲಿ ನಮ್ಮವರ ಪಾಡೇ ಹೀಗೆ. ಈದ್ ನಮಾಜಿಗೆ ಒಂದು ಊರು, ಬಿರಿಯಾನಿಗೆ ವೆಸ್ಟ್‌ಮಂಟ್, ಹರಟೆಗೆ ಲೊಂಬಾರ್ಡ್. ಹೆದ್ದಾರಿಯ ಆ ಎಕ್ಸಿಟ್ಟು ಈ ಎಕ್ಸಿಟ್ಟು ಎಂದು ಅರವತ್ತು ಮೈಲಿ ಸುತ್ತಿ ನೂರು ಮನೆಯ ಉಪ್ಪು ಖಾರ ಬಲ್ಲೆವು, ಬೇಲಿಯಾಚೆಯ ಮನೆಯಲ್ಲಿ ಒಬ್ಬರಿದ್ದಾರೋ ಇಬ್ಬರಿದ್ದಾರೋ ಗೊತ್ತಿರುವುದಿಲ್ಲ. ರಹೀಮ್ ತಲೆ ಕೆರೆದುಕೊಂಡರು. ಬಲಗಡೆ ನೀಲಿ ಟ್ರಕ್ಕಿನವನು. ಎಡಗಡೆ ಎರಡು ನಾಯಿಯವನು. ಹನ್ನೊಂದು ವರ್ಷದ ಸಂಪಾದನೆ ಅಷ್ಟೇ!

"ನನಗೆ ಇಂಗ್ಲಿಷ್ ಬಾಯಿಗೆ ಬರಲ್ಲ, ಪಕ್ಕದವರನ್ನ ಮಾತಾಡಿಸೋಕೆ ಹಿಂಜರಿದೆ. ನಿಮಗೇನು ಬಂದಿತ್ರೀ ಧಾಡಿ?" ಗುಲ್‌ಶನ್‌ಗೆ ಅಳು ಒತ್ತಿಕೊಂಡು ಬಂತು. "ಈ ಮನೆ ಕೈ ತಪ್ಪಿದ್ರೆ ನಾನು ಇಲ್ಲೇ ಗೋಡೆ ನೋಡ್ಕೊಂಡು ಸಾಯ್ಬೇಕು."

ಆ ಮಾತು ಕೇಳಿದ ಮೇಲೆ ಕೂತಿರುವುದು ಹೇಗೆ? ರಹೀಮ್ ಚಪ್ಪಲಿ ಮೆಟ್ಟಿ ಹೊರಟರು. ನೀಲಿ ಟ್ರಕ್ಕು ಮನೆ ಮುಂದೆ ಇರಲಿಲ್ಲ. ಎಡಗಡೆ ಮನೆಯ ಗಂಟೆ ಒತ್ತಿದರು. ಎಪ್ಪತ್ತು ದಾಟಿದ, ಎತ್ತರದ ಮನುಷ್ಯನೊಬ್ಬ ಬಾಗಿಲು ತೆರೆದು ಗುರುತು ಹಿಡಿದ, ಮುಖ ಗಂಟಿಕ್ಕಿದ.

"ಮತ್ತೆ ನಾಯಿ ಬೊಗಳುತ್ತೆ ಅಂತ ದೂರು ಕೊಡೋಕೆ ಬಂದಿರಾ? ಅವು ಸತ್ತು ಎರಡು ವರ್ಷ ಆಯ್ತು."

ಒಂದು ಕಾಲದಲ್ಲಿ ಬಡಾವಣೆಯ ಸಂಘಕ್ಕೆ ಹಾಗೊಂದು ಪತ್ರ ಬರೆದದ್ದು ನಿಜ. ರಹೀಮ್‌ಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಎನಿಸಿತು. ಬಂದ ಕಾರಣವನ್ನು ತೊದಲುತ್ತ ಹೇಳಿದರು. ಸೆಮರಾಂಗ್, ಚರಂಡಿ, ಮುಖ್ಯಸ್ಥೆ, ಒಂದು ಪ್ರಶ್ನೆ. ಆತ ಅಷ್ಟನ್ನೂ ಕೇಳಿಸಿಕೊಂಡ.

"ಬರ್ತೀನಿ. ಆದರೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ನನ್ನ ಹೆಸರು ಡೆನ್ನಿಸ್."

ಮರುದಿನ ಎಂಟಕ್ಕೆ ಐದು ನಿಮಿಷ ಇರುವಾಗಲೇ ಡೆನ್ನಿಸ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಗುಲ್‌ಶನ್ ಚಹಾ ಕೊಟ್ಟರು. ಬು ಲಸ್ತ್ರಿಗೆ ಇಂಗ್ಲಿಷ್ ಬಾರದು, ಡೆನ್ನಿಸ್‌ಗೆ ಆಕೆಯ ಭಾಷೆ ಬಾರದು. ನಡುವೆ ಅನುವಾದಕ್ಕೆ ರಹೀಮ್. ಕಟಕಟೆಯಲ್ಲಿ ನಿಂತವನೇ ವಕೀಲನೂ ಆದ ಹಾಗಾಯಿತು.

ಆಕೆ ಕೇಳಿದ್ದು ಇಷ್ಟು: "ಈ ಮನುಷ್ಯ ಬಿಟ್ಟು ಹೋದರೆ ನಿಮ್ಮ ಬೀದಿಗೆ ಏನು ಕಡಿಮೆಯಾಗುತ್ತೆ?"

ರಹೀಮ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಡೆನ್ನಿಸ್ ಚಹಾದ ಲೋಟ ಕೆಳಗಿಟ್ಟ.

"ಏನೂ ಇಲ್ಲ" ಎಂದ. "ಕೆಟ್ಟವರು ಅಂತಲ್ಲ. ಹುಲ್ಲು ಸರಿಯಾಗಿ ಕತ್ತರಿಸ್ತಾರೆ, ಗಲಾಟೆ ಇಲ್ಲ. ಆದರೆ ಕಡಿಮೆ ಅಂತ ಏನೂ ಆಗಲ್ಲ. ನನ್ನ ಬಗ್ಗೆ ಇವರನ್ನ ಕೇಳಿದರೂ ಇವರು ಇದನ್ನೇ ಹೇಳಬೇಕಾಗುತ್ತೆ."

ಅಷ್ಟು ಇಂಗ್ಲಿಷ್ ಗುಲ್‌ಶನ್‌ಗೂ ಅರ್ಥವಾಯಿತು. ಮೇಜಿನ ಕೆಳಗೆ ಗಂಡನ ಮೊಣಕಾಲು ಹಿಡಿದು ಕನ್ನಡದಲ್ಲಿ ಪಿಸುಗುಟ್ಟಿದರು. "ಒಳ್ಳೇ ಮನುಷ್ಯ ಅಂದ ಅಂತ ಹೇಳ್ಬಿಡ್ರೀ. ಯಾರಿಗೆ ಗೊತ್ತಾಗುತ್ತೆ? ನನ್ನಾಣೆ."

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪರದೆಯಲ್ಲಿ ಬು ಲಸ್ತ್ರಿ ಕಾಯುತ್ತಿದ್ದರು. ಎರಡೇ ಎರಡು ಸುಳ್ಳು ಮಾತು, ಹೆಂಡತಿಗೆ ಮತ್ತೊಮ್ಮೆ ಜನರ ನಡುವಿನ ಬದುಕು. ರಹೀಮ್ ಬಾಯಿ ತೆರೆದರು, ಸುಳ್ಳು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಅಂಗಿಗೆ ಇಸ್ತ್ರಿ ಹಾಕಿಕೊಂಡು ಬಂದ ಮನುಷ್ಯ ಎದುರಿಗೇ ಕೂತಿದ್ದ. ಆತ ಆಡದ ಮಾತನ್ನು ಆತನ ಬಾಯಿಗೆ ತುರುಕುವುದು ಅವರಿಂದ ಆಗಲಿಲ್ಲ.

"ಏನೂ ಕಡಿಮೆಯಾಗಲ್ಲ ಅಂತಾರೆ ಬು" ಎಂದರು. "ನಿಜ ಹೇಳ್ತಿದಾರೆ. ನಿನ್ನೆವರೆಗೆ ಇವರ ಹೆಸರೂ ನನಗೆ ಗೊತ್ತಿರಲಿಲ್ಲ."

ಗುಲ್‌ಶನ್ ಕೈ ಹಿಂದಕ್ಕೆಳೆದುಕೊಂಡರು. ರಹೀಮ್‌ಗೆ ಆಕೆಯ ಕಡೆ ನೋಡುವ ಧೈರ್ಯ ಬರಲಿಲ್ಲ.

"ಬೀಗ ಹಾಕಿ ಹೋದ ನಾಲ್ವರ ನೆರೆಯವರಿಗೂ ಇದೇ ಪ್ರಶ್ನೆ ಕೇಳಿದ್ದೆ" ಎಂದರು ಬು ಲಸ್ತ್ರಿ. "ಎಲ್ಲರೂ ಅಪ್ಪಟ ಬಂಗಾರ ಅಂದಿದ್ದರು. ಬಂಗಾರ ಸಾಕಾಗಿದೆ ನನಗೆ. ಜನವರಿಯಲ್ಲಿ ಬನ್ನಿ. ಭಾನುವಾರ ಆರು ಗಂಟೆಗೆ ನೀವೇ ಚರಂಡಿಗೆ ಇಳಿಯಬೇಕು, ಆಳಲ್ಲ. ಒಂದು ವರ್ಷ ಬಿಟ್ಟು ನಿಮ್ಮ ಎರಡೂ ಪಕ್ಕದವರಿಗೆ ಇದನ್ನೇ ಕೇಳ್ತೀನಿ."

ಫೋನ್ ಇಟ್ಟ ಮೇಲೆ ಗುಲ್‌ಶನ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟರು. ಡೆನ್ನಿಸ್ ಗಾಬರಿಯಾದ. ತನ್ನಿಂದ ಕೆಲಸ ಕೆಟ್ಟಿತೇ ಎಂದು ಕೇಳಿದ. ಇಲ್ಲ, ಆಯಿತು, ಜನವರಿಗೆ ಹೊರಡುತ್ತೇವೆ ಎಂದರು ರಹೀಮ್. ಎಷ್ಟೋ ವರ್ಷಗಳ ಭಾರ ಇಳಿದು ಅವರಿಗೆ ನಗು ಬರುತ್ತಿತ್ತು.

"ಒಳ್ಳೇದಾಯ್ತು" ಎಂದ ಡೆನ್ನಿಸ್. ಎದ್ದು ನಿಂತವನು ಲೋಟವನ್ನು ತಾನೇ ಸಿಂಕಿನಲ್ಲಿಟ್ಟ. "ಕ್ಯಾರಲ್ ಇದ್ದಿದ್ದರೆ ಅವಳ ಉತ್ತರ ಬೇರೆ ಇರ್ತಿತ್ತು. ನನ್ನ ಹೆಂಡತಿ. ಮಧ್ಯಾಹ್ನವೆಲ್ಲ ಒಬ್ಬಳೇ ಇರ್ತಿದ್ದಳು. ಈ ಮನೆಯ ಹೆಂಗಸನ್ನು ಟೀಗೆ ಕರೀಲಾ ಅಂತ ಕೇಳ್ತಾನೇ ಇದ್ದಳು. ಏನಂದ್ಕೋತಾರೋ, ಬೇಡ ಬಿಡು ಅಂತ ನಾನೇ ತಡೀತಿದ್ದೆ. ಹೋದ ಏಪ್ರಿಲ್‌ನಲ್ಲಿ ತೀರಿಕೊಂಡಳು."

ಹೋದ ಏಪ್ರಿಲ್‌ನಲ್ಲಿ ಒಂದು ದಿನ ರಸ್ತೆಯುದ್ದಕ್ಕೂ ಕಾರುಗಳು ನಿಂತಿದ್ದವು. ಡ್ರೈವ್‌ವೇಗೆ ಅಡ್ಡವಾಗಿದೆ ಎಂದು ರಹೀಮ್ ಸಂಜೆವರೆಗೂ ಗೊಣಗಿದ್ದರು. ಗುಲ್‌ಶನ್ ಕಣ್ಣೊರೆಸಿಕೊಂಡು, ಬಾರದ ಇಂಗ್ಲಿಷಿನಲ್ಲೇ ಡೆನ್ನಿಸ್‌ನನ್ನು ಕೇಳಿದರು, ಆಕೆ ಯಾವ ಕಿಟಕಿಯ ಹತ್ತಿರ ಕೂರುತ್ತಿದ್ದರು ಎಂದು. ಆತ ಬೇಲಿಯಾಚೆ ಕೈ ತೋರಿಸಿದ. ಅದು ಇವರ ಒಲೆಗೆ ನೇರ ಎದುರಿಗಿತ್ತು.