ಒಂದೇ ಹಸಿರಿನ ಎರಡು ಗಿಟಾರು

“ಬಣ್ಣ ನಿಮ್ಮದು, ಗಿಟಾರು ನಂದು. ಬೇಕಿದ್ರೆ ಬಣ್ಣ ಕೆರೆದು ಕೊಡ್ತೀನಿ, ಇಟ್ಕೊಳ್ಳಿ ಯಜಮಾನ್ರೆ,” ಎಂದ ಲುಕೆಬ.

“ಹಸಿರು ಬಳಿದದ್ದೆಲ್ಲ ನಂದು,” ಎಂದ ಬೊಲಾಂಬ. “ನೀನು ಹೋಗೋದಾದ್ರೆ ಕೈ ಬೀಸ್ಕೊಂಡು ಹೋಗು.”

ಕಿನ್ಶಾಸಾದಲ್ಲಿ ಬ್ಯಾಂಡಿನ ವಾದ್ಯಗಳೆಲ್ಲ ಯಜಮಾನನವು. ವಾದ್ಯವಿಲ್ಲದವನು ಬ್ಯಾಂಡು ಬಿಟ್ಟು ಎಲ್ಲಿಗೆ ಹೋದಾನು? ಬೊಲಾಂಬನ ಬಿಯರ್ ಬಾರಿನ ಬ್ಯಾಂಡಿಗೆ ಸ್ವಂತ ಎಲೆಕ್ಟ್ರಿಕ್ ಗಿಟಾರು ಹಿಡಿದು ಬಂದವನು ಲುಕೆಬ ಒಬ್ಬನೇ. ಅದರ ಪಡಿಯಚ್ಚಿನಂಥ ಇನ್ನೊಂದು ಬೊಲಾಂಬನ ಬಳಿಯೂ ಇತ್ತು. ಬ್ಯಾಂಡು ಮೊದಲ ಸಲ ಟೀವಿಗೆ ಹೋದಾಗ ವಾದ್ಯಗಳಿಗೆಲ್ಲ ಹಸಿರು ಬಳಿಸಿದರು. ಮೆರೆಯುವ ಹುಚ್ಚಿಗೆ ಲುಕೆಬ ತನ್ನದನ್ನೂ ಕೊಟ್ಟ. ಈಗ ನದಿಯಾಚೆ ಬ್ರಾಝಾವಿಲ್‌ನ ಬ್ಯಾಂಡೊಂದು ಅವನನ್ನು ಕರೆದಿತ್ತು, ಗಿಟಾರು ತಂದರೆ ಮಾತ್ರ.

ಗಿಟಾರಿನ ಹಿಂಬದಿಯ ತಗಡಿನ ಕೆಳಗೆ ತನ್ನ ಹೆಸರು ಕೆತ್ತಿದ್ದೇನೆ ಎಂದು ಲುಕೆಬ ಆಣೆಯಿಟ್ಟ. ತಗಡು ಬಿಚ್ಚುವುದೂ ಬೇಡ, ಬರೀ ಕಿವಿಯಲ್ಲೇ ಗುರುತಿಸುತ್ತೇನೆ ಎಂದು ಜಂಬವನ್ನೂ ಕೊಚ್ಚಿದ. ಎರಡೂ ಆಗಲಿ, ಹೆಸರಿದ್ದದ್ದು ನಿನ್ನದು ಎಂದು ಬೊಲಾಂಬ ಮಾತು ಕೊಟ್ಟು, ಗೋಡೆಯ ಮೇಲಿದ್ದ ಇನ್ನೊಂದನ್ನು ಇಳಿಸಿದ. ಹೇಳದೆ ಕೇಳದೆ ಯುರೋಪಿಗೆ ಹೋದ ಬ್ಯಾಂಡಿನ ಇನ್ನೊಬ್ಬ ಗಿಟಾರಿಗ ಕಿಯಾಲ ಬಾರಿಸುತ್ತಿದ್ದದ್ದು ಅದು.

ಬೇಸ್ ಗಿಟಾರಿನ ಮಾತೊಂಡೊ ಎರಡನ್ನೂ ಬಾರಿಸಲು ಕೂತ. ಲುಕೆಬ ಗೋಡೆಗೆ ಮುಖ ಮಾಡಿದ.

“ನೋಡ್ಕೊಂಡು ಬಾರ್ಸೋ. ನಿನ್ ಬೇಸು ಬಾರಿನ ಫ್ರಿಜ್ಜಿದ್ದ ಹಾಗೆ, ನಿಂತಾಗ್ಲೇ ಜನಕ್ಕೆ ಗೊತ್ತಾಗೋದು.”

“ಫ್ರಿಜ್ಜು ಕೆಟ್ರೆ ಬಿಯರ್ ಬಿಸಿಯಾಗತ್ತೆ ಕಣಯ್ಯ. ನಿನ್ ಗಿಟಾರು ಕೆಟ್ರೆ ಬೀದಿ ನಾಯಿ ನೆಮ್ಮದಿಯಾಗಿ ಮಲಗತ್ತೆ.”

ಮೊದಲನೆಯದು ಗಡುಸಾಗಿ ಕೂಗಿತು. ಎರಡನೆಯದರ ಸಣ್ಣ ತಂತಿ ಆಡಿನ ಮರಿಯಂತೆ ಎಳೆದು ಅರಚಿದ್ದೇ ತಡ, ಇದೇ ನಂದು ಎಂದು ಲುಕೆಬ ಕೈಯೆತ್ತಿದ. ತಿರುಗಿ ನೋಡಿದರೆ, ಇಷ್ಟು ವರ್ಷ ಅವನು ಬಾರಿಸಿದ್ದ ಗಿಟಾರೇ.

ತಗಡು ಬಿಚ್ಚಿದರು. ಬರೀ ಮರ. ಕಿಯಾಲನದನ್ನು ಬಿಚ್ಚಿದರು. ಮೊಳೆಯಲ್ಲಿ ಗೀರಿದ ಸೊಟ್ಟ ಅಕ್ಷರ: ಲುಕೆಬ.

ಬಣ್ಣ ಒಣಗಲು ಪಕ್ಕಪಕ್ಕ ಇಟ್ಟ ದಿನವೇ ಅದಲುಬದಲಾಗಿದ್ದವು.

ಬೊಲಾಂಬ ನಗಲಿಲ್ಲ. ಹೆಸರಿದ್ದದ್ದನ್ನು ಮುಂದೆ ಹಿಡಿದ. “ತಗೊಳ್ಳಪ್ಪ. ಮಾತು ಅಂದ್ರೆ ಮಾತು.”

ಲುಕೆಬ ಅದನ್ನು ಮಡಿಲಲ್ಲಿಟ್ಟು ತನ್ನ ವರಸೆಯೊಂದನ್ನು ಬಾರಿಸಿದ. ಅದು ಕಿಯಾಲನ ದನಿಯಲ್ಲೇ ಮಾತಾಡಿತು. ಮತ್ತೆ ಬಾರಿಸಿದ, ಮತ್ತೆ ಕಿಯಾಲ. ತಗ್ಗಿದ ದನಿಯಲ್ಲಿ, ಬದಲಾಯಿಸಿ ಕೊಡ್ತೀರಾ ಎಂದು ಕೇಳಿದ.

“ಬದಲಾಯ್ಸೋಕೆ ಅದೇನು ಚಪ್ಪಲಿನಾ? ಜನ ಇಲ್ಲಿಗೆ ಬರೋದೇ ನೀನು ಇಷ್ಟು ದಿನ ಬಾರಿಸಿದ ಇದರ ದನಿಗೆ.”

ಲುಕೆಬ ತನ್ನ ಹೆಸರಿದ್ದ ಗಿಟಾರನ್ನು ಬೀಳದಂತೆ ಗೋಡೆಗೊರಗಿಸಿ ಎದ್ದ. ದೋಣಿ ನಿನಗಾಗಿ ಕಾಯಲ್ಲ, ಎತ್ಕೊಂಡು ಓಡು ಎಂದು ಮಾತೊಂಡೊ ಕೂಗಿದ. ಲುಕೆಬ ಬರಿಗೈಯಲ್ಲಿ ಗೇಟು ದಾಟಿದ. ಮತ್ತೆ ಈ ಬಾರಿಗೆ ಬರಲಿಲ್ಲ. ಆಚೆ ದಡಕ್ಕೂ ಬರಲಿಲ್ಲ ಎನ್ನುತ್ತಾರೆ ಆಚೆಯವರು.